ಬಿಲ್ ಬರೆಯಲು ಬಣ್ಣ ಯಾಕೆ ಬೇಕು?

ಕಾಸರಗೋಡು ಪೇಟೆಯಲ್ಲಿ ಕೆಲಸ ಇದೆ ಅಂತ ವಾಟ್ಸಾಪಿನಲ್ಲಿ ಬರುವ ಜಾಹೀರಾತು ನೋಡಿದರೆ ಮೈ ಉರಿಯುತ್ತದೆ. ‘ನೋಡಲು ಚೆನ್ನಾಗಿರುವ ಹುಡುಗಿಯರು ಬೇಕು, ಫುಲ್ ಫೋಟೋ ಕಳಿಸಿ.’

ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿದವಳು. ಕನ್ನಡ, ಮಲಯಾಳ, ತುಳು ಮೂರನ್ನೂ ನೀರು ಕುಡಿದ ಹಾಗೆ ಮಾತಾಡುತ್ತಾಳೆ. ಇಲ್ಲಿನ ಗಿರಾಕಿಗಳಿಗೆ ಬೇಕಾದ್ದು ಅದೇ ಅಲ್ಲವೇ? ಕುಂಬಳೆಯಿಂದ ಬಸ್ಸು ಹಿಡಿದು ಹೋದವಳನ್ನು ಒಂದು ಚಿನ್ನದಂಗಡಿಯವರು ಮೇಲಿಂದ ಕೆಳಗೆ ನೋಡಿ, ‘ಕೌಂಟರಿಗೆ ಸ್ವಲ್ಪ ಬೆಳ್ಳಗಿರುವವರು ಬೇಕಿತ್ತು’ ಅಂದರಂತೆ. ಮಾರ್ಕ್ಸ್ ಕಾರ್ಡ್ ಬಿಡಿಸಿ ನೋಡಲೂ ಇಲ್ಲ. ಅಷ್ಟೂ ಜನರ ಎದುರು!

ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ ಅವರೇ 2025ರ ಮಾರ್ಚಿನಲ್ಲಿ, ತಮ್ಮ ಕಪ್ಪು ಬಣ್ಣವನ್ನು ಆಡಿಕೊಂಡ ಮಾತಿನ ಬಗ್ಗೆ ಬಹಿರಂಗವಾಗಿ ಬರೆಯಬೇಕಾಯಿತು. ಆ ಕುರ್ಚಿಯಲ್ಲಿ ಕೂತವರನ್ನೇ ಬಿಡದವರು ಕೆಲಸ ಕೇಳಿಕೊಂಡು ಬಂದ ಹುಡುಗಿಯನ್ನು ಬಿಟ್ಟಾರೆಯೇ?

ಸಂವಿಧಾನದ 16ನೇ ವಿಧಿಯ ಸಮಾನ ಅವಕಾಶ ಸರ್ಕಾರಿ ಕೆಲಸಕ್ಕೆ. ಖಾಸಗಿ ಅಂಗಡಿಯ ಬಾಗಿಲಿಗೆ ಅದು ತಲುಪುವುದಿಲ್ಲ. ಹಾಗಂತ ಬಾಯಿಗೆ ಬಂದದ್ದು ಹೇಳಬಹುದೇ? ಮೊದಲು ಆ ಫೋಟೋ ಕೇಳುವುದನ್ನು ನಿಲ್ಲಿಸಿ ಮಾರಾಯ್ರೇ. ಲೆಕ್ಕ ಬರುತ್ತದಾ ಅಂತ ಕೇಳಿ, ಒಂದು ಬಿಲ್ ಬರೆಸಿ ನೋಡಿ.

ಹುಡುಗಿ ಈಗ ಬಿಳಿ ಮಾಡುವ ಕ್ರೀಮ್ ತರಿಸಿಕೊಡಿ ಅನ್ನುತ್ತಿದ್ದಾಳೆ. ನನಗೆ ಸಂಕಟವಾಗುವುದು ಅದಕ್ಕೇ.