ಹೊಳಪು ಬಂತಲ್ಲ!

ದಿನಾ ಬೆಳಿಗ್ಗೆ ಸೋಪಿನ ನೊರೆಯಲ್ಲೇ ಮೀಯುವ ವಸ್ತು ಇಡೀ ಬಚ್ಚಲಲ್ಲಿ ಇಷ್ಟು ಕೊಳಕಾಗಿರುವುದಾದರೂ ಹೇಗೆ? ನಿಮ್ಮ ಶೇವಿಂಗ್ ಬ್ರಷ್ಷಿನ ಹಿಡಿಯನ್ನೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕೂದಲು ಹಿಡಿಗೆ ಸೇರುವ ಸಂದಿಯಲ್ಲಿ ಕಪ್ಪು ಗೆರೆ, ಉಂಗುರದ ಸುತ್ತ ಬಿಳಿ ಪೊರೆ, ಅಡಿಯಲ್ಲಿ ಕುಲಗೋತ್ರ ತಿಳಿಯದ ಅಂಟು. ಬೋರ್‌ವೆಲ್ ನೀರಿನವರಿಗಂತೂ ಇದು ತಪ್ಪಿದ್ದಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಕೂಡಿಕೊಂಡು ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಅದನ್ನು ಅದೇ ಸೋಪು, ಅದೇ ನೀರು ಹಾಕಿ ಉಜ್ಜುವುದೆಂದರೆ ಸಾಲ ತೀರಿಸಲು ಸಾಲ ಎತ್ತಿದ ಹಾಗೆ.

ಬೇಕಾದದ್ದು ಹುಳಿ. ಒಂದು ಪಾಲು ಬಿಳಿ ವಿನಿಗರಿಗೆ ನಾಲ್ಕು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ, ಬಟ್ಟೆ ಅದ್ದಿ, ಹಿಡಿಗೆ 5–10 ನಿಮಿಷ ಸುತ್ತಿಡಿ. ಸಂದಿಗೆ ಹಳೇ ಟೂತ್‌ಬ್ರಷ್. ಬ್ರಷ್ಷನ್ನೇ ಮುಳುಗಿಸಿಟ್ಟರೆ ನೀರು ಬುಡದ ಗುಳಿಗಿಳಿದು ಅಂಟು ಸಡಿಲವಾಗುತ್ತದೆ. ಮರದ ಹಿಡಿಯಾದರೆ ಉಬ್ಬಿ, ಒಣಗಿ, ಸೀಳು ಬಿಡುತ್ತದೆ. ಹಿತ್ತಾಳೆ ಹಿಡಿಗೆ ಹುಣಸೆಹಣ್ಣು ಸಾಕು. ಆದರೆ ಹಿತ್ತಾಳೆ ಬಣ್ಣ ಬಳಿದ ಪ್ಲಾಸ್ಟಿಕ್ಕಿಗೆ ಪಾತ್ರೆ ಪುಡಿ ಹಾಕಿ ತಿಕ್ಕಿದರೆ ಚಿನ್ನವೆಲ್ಲ ಚರಂಡಿ ಪಾಲು.

ಇಷ್ಟಕ್ಕೇ ನಿಂತರೆ ಚೆನ್ನ. ಆದರೆ ಪ್ರತಿ ಮನೆಗೂ ಒಬ್ಬ ಭಾವ ಇದ್ದೇ ಇರುತ್ತಾರೆ. "ಕೊಡಯ್ಯಾ ಇಲ್ಲಿ, ಎರಡು ನಿಮಿಷದ ಕೆಲಸ" ಎಂದು ಬರುವ ಅವರ ಕೈಯಲ್ಲಿ ಅಕ್ಕನ ನೇಲ್ ಪಾಲಿಶ್ ರಿಮೂವರ್. ಅದರಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಹಿಡಿ ಪಾಲಿಸ್ಟೈರೀನ್ ಅಥವಾ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಅಸಿಟೋನ್ ಕೊಳೆಯ ಗೊಡವೆಗೆ ಹೋಗದೆ ಹಿಡಿಯನ್ನೇ ಕರಗಿಸುತ್ತದೆ. ಒರೆಸಿದ ಕ್ಷಣ ಮಾತ್ರ ಏನು ಹೊಳಪು! ಭಾವನವರು ಹೆಮ್ಮೆಯಿಂದ ಅದನ್ನು ಆರಲೆಂದು ಭಾನುವಾರದ ಪೇಪರಿನ ಮೇಲೆ ಮಲಗಿಸುತ್ತಾರೆ. ಮೆತ್ತಗಾದ ಪ್ಲಾಸ್ಟಿಕ್ಕು ಪೇಪರನ್ನು ಅಪ್ಪಿಕೊಳ್ಳುತ್ತದೆ. ಕಾಗದ ಕಿತ್ತು ಬಂದರೂ ಶಾಯಿ ಬಿಡುವುದಿಲ್ಲ. ಹಿಡಿಯ ಮೇಲೆ ವಧೂವರರ ಜಾಹೀರಾತು, ಅಕ್ಷರಗಳೆಲ್ಲ ತಿರುಗಾಮುರುಗಾ. ನೆಟ್ಟಗೆ ಓದಬೇಕಾದರೆ ಕನ್ನಡಿಯೇ ಬೇಕು. ಈ ಬ್ರಷ್ಷು ದಿನಾ ಎದ್ದು ನಿಲ್ಲುವುದೂ ಕನ್ನಡಿಯ ಮುಂದೆಯೇ! "ಸುಂದರ, ಸದ್ಗುಣಿ, ದುರಭ್ಯಾಸವಿಲ್ಲದ ವರ ಬೇಕು." ಕೆನ್ನೆ ತುಂಬ ನೊರೆ ಮೆತ್ತಿಕೊಂಡ ಐವತ್ತರ ಗೃಹಸ್ಥ ಬೆಳ್ಳಂಬೆಳಿಗ್ಗೆ ಇದನ್ನು ಓದಬೇಕು. ಕೆನ್ನೆ ತಿರುಗಿಸಿದರೆ ಮುಂದಿನ ಸಾಲು: "ಬ್ರೋಕರ್‌ಗಳು ಕ್ಷಮಿಸಿ." ಭಾವನವರ ಸಮಾಧಾನ ಒಂದೇ: "ಹೊಳಪು ಬಂತಲ್ಲ!"

ಮದ್ದುಂಟು, ತಾಳ್ಮೆ ಬೇಕು. ಎರಡು ದಿನ ಮುಟ್ಟದೆ ಬಿಟ್ಟರೆ ಹಿಡಿ ಮತ್ತೆ ಗಟ್ಟಿಯಾಗುತ್ತದೆ. ಕೂದಲ ಬುಡಕ್ಕೆ ಟೇಪು ಸುತ್ತಿ, ಒದ್ದೆ ವಾಟರ್ ಪೇಪರಿನಲ್ಲಿ (ನೀರು ತಾಳುವ ಉಪ್ಪುಕಾಗದ, ನಂಬರ್ ಏರಿದಷ್ಟೂ ನಯ) ಉಜ್ಜಿ: ಮೊದಲು 400 ನಂಬರಿನದು, ಆಮೇಲೆ 800, 1500, 2000. ಹಿಂದಿನದರ ಗೀರು ಹೋಗದೆ ಮುಂದಿನದನ್ನು ಮುಟ್ಟಬೇಡಿ. ಅವಸರ ಮಾಡಿದರೆ ಕೊನೆಯ ಹೊಳಪಿನಡಿಯಿಂದ 400ರ ಗೀರು ಇಣುಕಿ ಅಣಕಿಸುತ್ತದೆ. ಮುಗಿಸಲು ಬಿಳಿ ಟೂತ್‌ಪೇಸ್ಟ್, ಜೆಲ್ ಬೇಡ.

ಅಜ್ಜನ ಕಾಲದ ಮರದ ಹಿಡಿಯಾದರೆ ಕೈ ಸ್ವಲ್ಪ ಹಗುರವಿರಲಿ. ಹೆಬ್ಬೆರಳು ಕೂತು ಕೂತು ಸವೆದ ಒಂದು ತಗ್ಗು ಇರುತ್ತದೆ. ಅದನ್ನು ಉಜ್ಜಿ ಸಮ ಮಾಡಬೇಡಿ. ಆ ಬೆರಳು ಇನ್ನು ಸಿಗುವುದಿಲ್ಲ. ತೀರಾ ಹಳೆಯ ಕುದುರೆ ಕೂದಲಿನ ಬ್ರಷ್ಷಾದರೆ ಕಪಾಟಿನಲ್ಲಿಟ್ಟು ನೋಡಿ, ಮುಖಕ್ಕೆ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಅಂಥ ಬ್ರಷ್ಷುಗಳಿಂದ ಆಂಥ್ರಾಕ್ಸ್ ಎಂಬ ಮಾರಕ ರೋಗ ಹಬ್ಬಿದ್ದುಂಟು.

ಕೂದಲ ಗೊಂಚಲು ಹಿಡಿಯಿಂದ ಕಳಚಿ ಬಂದಿದ್ದರೆ ಗುಳಿಯ ಹಳೇ ಅಂಟು ಕೆರೆದು, ಚೆನ್ನಾಗಿ ಒಣಗಿಸಿ, ಅರಾಲ್ಡೈಟ್ ಎಂಬ ಎರಡು ಟ್ಯೂಬಿನ ಅಂಟನ್ನು ಎರಡರಿಂದಲೂ ಸಮಸಮ ಹಿಂಡಿ ಕಲಸಿ ಕೂರಿಸಿ. ಕಡಲೆಕಾಳಿನಷ್ಟು ಸಾಕು, ಹೆಚ್ಚಾದರೆ ಅಂಟು ಕೂದಲಿಗೇರಿ, ಬುಡ ಮರಗಟ್ಟುತ್ತದೆ. ಆಮೇಲೆ 24 ಗಂಟೆ ಯಾರೂ ಮುಟ್ಟಕೂಡದು. ಆ ಒಂದು ದಿನ ಕೈಯಲ್ಲೇ ನೊರೆ ಹಚ್ಚಿಕೊಂಡರಾಯಿತು. ರಿಮೂವರ್ ಬಾಟಲಿ ಮಾತ್ರ ಅಕ್ಕನ ಸುಪರ್ದಿಯಲ್ಲೇ ಇರಲಿ.