ತೊಟ್ಟಿಯೊಳಗಿನ ಅಕ್ರಮಗಳು

ಹುಬ್ಬಳ್ಳಿಯಲ್ಲಿ ರಸ್ತೆಗೆ ಡಾಂಬರು ಬಿದ್ದ ಮೇಲೆ ನೀರಿನ ಕೊಳವೆಯವರು ಬಂದು ಅಗೆಯುತ್ತಾರೆ, ಅವರು ಮುಚ್ಚಿದ್ದನ್ನು ಒಳಚರಂಡಿಯವರು ತೆರೆಯುತ್ತಾರೆ, ಅವರು ಬಿಟ್ಟುಹೋದ ಗುಂಡಿಗೆ ಕೇಬಲ್ಲಿನವರು ಇಳಿಯುತ್ತಾರೆ. ಇದನ್ನು ಸಮನ್ವಯದ ಕೊರತೆ ಎಂದು ದೂರುವ ಚಟ ಅವಳಿ ನಗರದ ಜನರಿಗೆ ಅಂಟಿಕೊಂಡಿದೆ. ಸಮನ್ವಯಕ್ಕೆ ಸಭೆಯಿದೆ, ಸಭೆಗೆ ನಡಾವಳಿಯಿದೆ, ನಡಾವಳಿಯನ್ನು ಇಡಲು ಕಪಾಟಿದೆ. ಇಷ್ಟಿದ್ದೂ ಕೊರತೆ ಎನ್ನುವುದು ಕೃತಘ್ನತೆ. ಅಶಿಸ್ತನ್ನು ಕಣ್ಣಾರೆ ಕಾಣಬೇಕಾದರೆ ಕುಂದಗೋಳ ತಾಲ್ಲೂಕಿನ ಯಾವುದಾದರೂ ಹಿತ್ತಲಿನ ಗೋಬರ್ ಗ್ಯಾಸ್ ತೊಟ್ಟಿಗೆ ಹೋಗಬೇಕು. ಅಲ್ಲಿಗೆ ಒಂದು ಉನ್ನತಾಧಿಕಾರ ಪರಿಶೀಲನಾ ಸಮಿತಿ ಹೋಯಿತೆಂದು ಕಲ್ಪಿಸಿಕೊಳ್ಳಿ. ಅದರ ವರದಿ ಹೀಗಲ್ಲದೆ ಬೇರೆ ರೀತಿ ಇರಲಾರದು.

ಗಾಳಿಯೇ ಇಲ್ಲದ ಆ ಕತ್ತಲೆಯಲ್ಲಿ ನಾಲ್ಕು ಬಗೆಯ ಸಿಬ್ಬಂದಿ ಕೆಲಸ ಮಾಡುತ್ತಿರುವುದು ಸಮಿತಿಯ ಗಮನಕ್ಕೆ ಬಂದಿರುತ್ತದೆ. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ಸಗಣಿಯಲ್ಲಿರುವ ಸೆಲ್ಯುಲೋಸ್‌ನಂಥ ದೊಡ್ಡ ಅಣುಗಳನ್ನು ಸಕ್ಕರೆಯ ಮಟ್ಟಕ್ಕೆ ಒಡೆಯುತ್ತವೆ. ಎರಡನೆಯವು ಆ ಸಕ್ಕರೆಯನ್ನು ಹುಳಿಯಿಸಿ ಬ್ಯುಟಿರಿಕ್, ಪ್ರೊಪಿಯೋನಿಕ್ ಮುಂತಾದ ಆಮ್ಲಗಳನ್ನು ಮಾಡುತ್ತವೆ. ಮೂರನೆಯವು ಈ ಆಮ್ಲಗಳಿಂದ ಅಸಿಟಿಕ್ ಆಮ್ಲವನ್ನೂ ಹೈಡ್ರೋಜನ್ನನ್ನೂ ತೆಗೆಯುತ್ತವೆ. ಕೊನೆಗೆ, ಬ್ಯಾಕ್ಟೀರಿಯಾ ಕುಲಕ್ಕೇ ಸೇರದ ಆರ್ಕಿಯಾ ಎಂಬ ಜೀವಿಗಳು ಅವುಗಳನ್ನು ಮೀಥೇನ್ ಮಾಡಿ ಒಲೆಗೆ ಕಳಿಸುತ್ತವೆ. ಒಂದರ ಕಸವೇ ಇನ್ನೊಂದರ ಕೂಳಾಗಿದ್ದರೂ ವಿಲೇವಾರಿಗೆ ಟೆಂಡರ್ ಕರೆದ ದಾಖಲೆಯಿಲ್ಲ. ಮನೆಯೊಡತಿಯನ್ನು ವಿಚಾರಿಸಲಾಗಿ, "ಹೆಂಡಿ ಕಲಿಸಿ ಹಾಕ್ತೇವ್ರಿ, ಒಲಿ ಉರೀತೈತ್ರಿ. ಅವು ಸಭಾ ಯಾವಾಗ ಮಾಡ್ತಾವೋ ನಮಗ ಗೊತ್ತಿಲ್ರಿ ಸಾಹೇಬ್ರ" ಎಂದು ಆಕೆ ತಿಳಿಸಿದ್ದು, ಇದನ್ನು ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಲಾಗಿದೆ.

ಅತ್ಯಂತ ಗಂಭೀರವಾದ ಆಕ್ಷೇಪಣೆ ಮೂರನೆಯ ಗುಂಪಿನ ಮೇಲಿದೆ. ಒಂದು ಮೋಲ್ (ಅಣುಗಳನ್ನು ಎಣಿಸಲು ರಸಾಯನಶಾಸ್ತ್ರದವರು ಬಳಸುವ ಅಳತೆ) ಬ್ಯುಟಿರಿಕ್ ಆಮ್ಲವನ್ನು ಒಡೆಯುವ ಕೆಲಸ ಪುಸ್ತಕದ ಲೆಕ್ಕದಲ್ಲಿ, ಅಂದರೆ ರಸಾಯನಶಾಸ್ತ್ರದ ಪ್ರಮಾಣಿತ ಸ್ಥಿತಿಯಲ್ಲಿ, ಸುಮಾರು 48 ಕಿಲೋಜೂಲ್ ಶಕ್ತಿಯ ನಷ್ಟದ್ದು. ಪ್ರೊಪಿಯೋನಿಕ್ ಆಮ್ಲದ್ದು ಸುಮಾರು 76 ಕಿಲೋಜೂಲ್ ನಷ್ಟದ್ದು. ಇಂಥ ಕಾಮಗಾರಿಯನ್ನು ಯಾರ ಅನುಮೋದನೆಯ ಮೇಲೆ ಕೈಗೆತ್ತಿಕೊಳ್ಳಲಾಯಿತು ಎಂದು ಕೇಳಿದಾಗ, ಪಕ್ಕದಲ್ಲೇ ಅಂಟಿಕೊಂಡಿದ್ದ ಮೀಥೇನ್‌ಜನಕ ಜೀವಿಯ ಕಡೆಗೆ ಬೊಟ್ಟು ಮಾಡಲಾಯಿತು. ಹುಟ್ಟಿದ ಹೈಡ್ರೋಜನ್ನನ್ನು ಅದು ಹುಟ್ಟಿದ ಕ್ಷಣವೇ ನುಂಗಿ, ಅದರ ಒತ್ತಡವನ್ನು ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೆ ಹಿಡಿದಿಡುತ್ತದೆಯಂತೆ; ಅಷ್ಟು ಕೆಳಗಿಳಿದರೆ ನಷ್ಟದ ಕೆಲಸವೇ ಲಾಭಕ್ಕೆ ತಿರುಗುತ್ತದೆಯಂತೆ. ಹೈಡ್ರೋಜನ್ ಸ್ವಲ್ಪ ಬಾಕಿ ಉಳಿದರೂ ಅದನ್ನು ಹುಟ್ಟಿಸಿದವನ ಕೆಲಸ ಅಲ್ಲಿಗೇ ನಿಲ್ಲುತ್ತದೆ, ತೆಗೆದುಕೊಳ್ಳಬೇಕಾದವನು ಉಪವಾಸ ಬೀಳುತ್ತಾನೆ. ಬಾಕಿ ಇಟ್ಟುಕೊಂಡವನಿಗೇ ತೊಂದರೆಯಾಗುವ ಇಂಥ ಏರ್ಪಾಡನ್ನು ಸಮಿತಿಯ ಸದಸ್ಯರಲ್ಲಿ ಯಾರೂ ತಮ್ಮ ಇಡೀ ಸೇವಾವಧಿಯಲ್ಲಿ ಕಂಡವರಲ್ಲ. ಬಾಕಿ ಕಡತಗಳ ರಾಶಿ ಎತ್ತರವಾದಷ್ಟೂ ಮೇಜಿನ ಹಿಂದಿರುವವರ ತೂಕ ಹೆಚ್ಚುವ ಪದ್ಧತಿ ಈ ತೊಟ್ಟಿಯವರೆಗೆ ಏಕೆ ತಲುಪಿಲ್ಲವೆಂದು ಕಾರಣ ಕೇಳಿ ನೋಟಿಸು ನೀಡಲಾಗಿದೆ.

ಇಷ್ಟು ಒದ್ದಾಡಿ ದಕ್ಕುವುದೇನು? ಎಲ್ಲ ಕಳೆದು ಒಂದೊಂದು ಪಾಲುದಾರನ ಕೈಗೆ ಬರುವುದು ಮೋಲ್ ಒಂದಕ್ಕೆ ಸುಮಾರು 20 ಕಿಲೋಜೂಲ್ ಮಾತ್ರ. ಜೀವಕೋಶಕ್ಕೆ ತನ್ನ ಶಕ್ತಿಯ ನಾಣ್ಯವಾದ ಎಟಿಪಿ ಎಂಬ ಅಣುವನ್ನು ಒಂದು ಮೋಲ್ ಕಟ್ಟಲು 60ರಿಂದ 70 ಕಿಲೋಜೂಲ್ ಬೇಕಾಗುವಾಗ, ಇದು ಅದರ ಮೂರನೆಯ ಒಂದು ಪಾಲಿನಷ್ಟು. ಇಷ್ಟು ಚಿಲ್ಲರೆಯನ್ನೂ ಹಂಚಿಕೊಂಡು, ಯಾರೂ ಕಮಿಷನ್ ಕತ್ತರಿಸದೆ ಬದುಕುತ್ತಿರುವುದು ಸಂಶಯಾಸ್ಪದವೆಂದು ಲೆಕ್ಕಾಧಿಕಾರಿಗಳು ಅಭಿಪ್ರಾಯಪಟ್ಟಿದ್ದಾರೆ.

ಮಸ್ಟರ್ ರೋಲ್ ತೆರೆದಾಗ ಹಳೆಯದೊಂದು ಹಗರಣವೂ ಹೊರಬಿತ್ತು. ಮೆಥನೊಬ್ಯಾಸಿಲಸ್ ಒಮೆಲಿಯಾನ್ಸ್ಕಿ ಎಂಬ ಹೆಸರಿನ ಒಂದೇ ಜೀವಿ ಎಥೆನಾಲನ್ನು ತಿಂದು ಮೀಥೇನ್ ಕೊಡುತ್ತದೆಂದು ವಿಜ್ಞಾನಿಗಳು ದಶಕಗಳ ಕಾಲ ನಂಬಿದ್ದರು. 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಕೆದಕಿ ನೋಡಿದಾಗ ಆ ಒಂದು ಹೆಸರಿನಲ್ಲಿ ಇಬ್ಬರು ದುಡಿಯುತ್ತಿದ್ದುದು ತಿಳಿಯಿತು: ಎಥೆನಾಲನ್ನು ಒಡೆದು ಹೈಡ್ರೋಜನ್ ಬಿಡುವುದು ಒಂದು, ಅದನ್ನು ಹಿಡಿದು ಮೀಥೇನ್ ಮಾಡುವುದು ಇನ್ನೊಂದು. ಹತ್ತು ಹೆಸರು ಬರೆದು ಇಬ್ಬರಿಂದ ಕಸ ಗುಡಿಸಿಸುವ ಲೆಕ್ಕವನ್ನು ಕಂಡವರಿಗೆ, ಒಂದೇ ಹೆಸರು ಬರೆದು ಇಬ್ಬರು ದುಡಿಯುವ ಈ ವಂಚನೆಯನ್ನು ಯಾವ ಕಲಮಿನಡಿ ದಾಖಲಿಸಬೇಕೆಂಬುದೇ ಹೊಳೆಯಲಿಲ್ಲ. (ಇಬ್ಬರನ್ನೂ ಬೇರ್ಪಡಿಸಿದಾಗ ಮೊದಲನೆಯದು ಎಥೆನಾಲಿನ ಮೇಲೆ ಸರಿಯಾಗಿ ಬೆಳೆಯಲಾರದೆ ಕುಂಟಿತು. 1962ರಲ್ಲಿ ಒಂದೇ ಪಾಲಿಕೆಯಡಿ ಬಂದ ಹುಬ್ಬಳ್ಳಿ ಮತ್ತು ಧಾರವಾಡದ ನಾಗರಿಕರು ಇದರಿಂದ ತಮಗೆ ಬೇಕಾದ ಅರ್ಥವನ್ನು ತೆಗೆಯಬಾರದಾಗಿ ವಿನಂತಿ.)

ಜಿಯೋಬ್ಯಾಕ್ಟರ್ ಕುಲದ ಕೆಲವು ಜೀವಿಗಳಂತೂ ಹೈಡ್ರೋಜನ್ನಿನ ಗೊಡವೆಯೇ ಇಲ್ಲದೆ ಎಲೆಕ್ಟ್ರಾನುಗಳನ್ನು ನೇರವಾಗಿ ಜೊತೆಗಾರನಿಗೆ ದಾಟಿಸುತ್ತವೆ. ಮಧ್ಯವರ್ತಿಯಿಲ್ಲದ ವ್ಯವಹಾರವಾದ್ದರಿಂದ ಹೆಚ್ಚಿನ ತನಿಖೆಗೆ ಯಾರನ್ನು ಕರೆಯಬೇಕೆಂಬುದು ತಿಳಿಯದೆ ಈ ಅಂಶವನ್ನು ಕೈಬಿಡಲಾಗಿದೆ. ಉಣಕಲ್ ಕೆರೆಯಂಥ ಯಾವುದೇ ಕೆರೆಯ ತಳದ ಕೆಸರಿನಲ್ಲೂ, ಪ್ರತಿ ಎಮ್ಮೆಯ ಹೊಟ್ಟೆಯಲ್ಲೂ ಇದೇ ಬಗೆಯ ಕೂಟಗಳಿವೆಯೆಂದು ಕೃಷಿ ವಿಶ್ವವಿದ್ಯಾಲಯದ ಕಡೆಯಿಂದ ಬಂದಿದ್ದವರೊಬ್ಬರು ಹೇಳಿದರಾದರೂ, ಎಮ್ಮೆಯ ಹೊಟ್ಟೆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಮುಚ್ಚಿದ ಬಾಗಿಲ ಹಿಂದೆ ಕೆಲಸ ನಡೆಯಬಾರದು, ಎಲ್ಲವೂ ಪಾರದರ್ಶಕವಾಗಿರಬೇಕು ಎಂಬ ಒಮ್ಮತದ ನಿರ್ಣಯದಂತೆ ತೊಟ್ಟಿಯ ಮುಚ್ಚಳವನ್ನು ತೆಗೆಸಿ, ಪಂಪು ತರಿಸಿ, ಒಳಗೆ ಧಾರಾಳವಾಗಿ ಗಾಳಿ ಊದಿಸಲಾಯಿತು. ಮೀಥೇನ್‌ಜನಕಗಳಿಗೆ ಆಮ್ಲಜನಕವೇ ವಿಷವಾದ್ದರಿಂದ ಅವು ಕೈಚೆಲ್ಲಿದವು. ಮುಚ್ಚಳ ಮತ್ತೆ ಕೂತ ಮೇಲೆ ಹೈಡ್ರೋಜನ್ನನ್ನು ತೆಗೆದುಕೊಳ್ಳುವವರಿರಲಿಲ್ಲ, ಮೂರನೆಯ ಗುಂಪು ನಿಂತಿತು, ಆಮ್ಲಗಳು ಶೇಖರವಾಗಿ ತೊಟ್ಟಿ ಹುಳಿಯಿತು, ಆ ಹುಳಿಗೆ ಅಳಿದುಳಿದವುಗಳೂ ತಣ್ಣಗಾದವು. ಮರುಪರಿಶೀಲನೆಯಲ್ಲಿ ತೊಟ್ಟಿಯಿಂದ ಅನಧಿಕೃತವಾಗಿ ಏನೂ ಹೊರಬರುತ್ತಿಲ್ಲವೆಂದು ದೃಢಪಟ್ಟ ಕಾರಣ ಎಲ್ಲ ಆಕ್ಷೇಪಣೆಗಳನ್ನು ಕೈಬಿಟ್ಟು, ನಿಯಮಪಾಲನೆಯ ಪ್ರಮಾಣಪತ್ರವನ್ನು ಮಂಜೂರು ಮಾಡಲಾಗಿದೆ. ಮನೆಯೊಡತಿ ನಿಗದಿತ ಶುಲ್ಕ ಕಟ್ಟಿ ಅದನ್ನು ಕಚೇರಿಯ ವೇಳೆಯಲ್ಲಿ ಪಡೆದುಕೊಳ್ಳಬಹುದು.