ಮೂರಿದ್ದರೆ ಮಸೀದಿ, ಒಂದಾದರೆ ಬಸ್ ಸ್ಟಾಪ್

ಸಂಸ್ಕೃತಿಗಳ ನಡುವೆ ಒಂಚೂರು ತಿಕ್ಕಾಟ ಇರಬೇಕು, ಆಗಲೇ ದೇಶ ಗಟ್ಟಿಯಾಗೋದು ಅಂತ ಮೊನ್ನೆ ಯಾರೋ ಭಾಷಣ ಬಿಗಿದರು. ಕೇಳಿ ಮೈಸೂರಿನವನಾದ ನನ್ನ ಎದೆ ಉಬ್ಬಿತು. ನಮ್ಮಷ್ಟು ದೇಶ ಗಟ್ಟಿ ಮಾಡಿದವರು ಇನ್ಯಾರಿದ್ದಾರೆ? ಊಟಿ ರಸ್ತೆಯ ಆ ಬಸ್ ಸ್ಟಾಪ್ ಒಂದೇ ಸಾಕಲ್ವಾ?

2022ರ ನವೆಂಬರಿನ ಕಥೆ ನಿಮಗೆ ಗೊತ್ತು. ಆ ಸ್ಟಾಪಿನ ತಲೆ ಮೇಲೆ ಮೂರು ಗುಮ್ಮಟ ಇದ್ದವು. ನಡುವೆ ದೊಡ್ಡ ಗುಮ್ಮಟ, ಅಕ್ಕಪಕ್ಕ ಚಿಕ್ಕವು ಇದ್ದರೆ ಅದು ಮಸೀದಿಯೇ ಅಂತ ಆಗಿನ ಸಂಸದರು ತೀರ್ಪು ಕೊಟ್ಟರು. ಕಟ್ಟಿಸಿದ್ದು ಅವರದೇ ಪಕ್ಷದ ಶಾಸಕರು. ಅರಮನೆ ನೋಡಿ ಮಾಡಿಸಿದ್ದು ಸ್ವಾಮಿ ಅಂದರೂ ನಡೆಯಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಚಿಕ್ಕವೆರಡು ಮಾಯ. ದೊಡ್ಡದು ಕೆಂಪು ಬಣ್ಣ ಬಳಿಸಿಕೊಂಡು ಒಂಟಿಯಾಗಿ ನಿಂತಿತು. ಈ ಲೆಕ್ಕವನ್ನು ಎಂಜಿನಿಯರಿಂಗ್ ಪಾಠಕ್ಕೆ ಸೇರಿಸಬೇಕು.

ಆದರೆ ಇದೇ ಲೆಕ್ಕ ಹಿಡಿದು ಅರಮನೆ ಕಡೆ ಹೋಗಬೇಡಿ. ಹೋದರೂ ಗುಮ್ಮಟ ಎಣಿಸಬೇಡಿ, ಸುಮ್ನೆ ಲೈಟು ನೋಡಿಕೊಂಡು ಬನ್ನಿ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೊಸದರ ನಕ್ಷೆ ಬರೆದವನು ಹೆನ್ರಿ ಇರ್ವಿನ್ ಅನ್ನೋ ಬಿಳಿಯ. 1912ಕ್ಕೆ ಕೆಲಸ ಮುಗಿಯಿತು. ಕಲ್ಯಾಣ ಮಂಟಪದಲ್ಲಿ ನಿಂತು ಒಮ್ಮೆ ಕತ್ತೆತ್ತಿ. ಬಣ್ಣದ ಗಾಜು ಗ್ಲಾಸ್ಗೋದ್ದು, ಅದರಲ್ಲಿರುವ ನವಿಲು ನಮ್ಮದು. ಲಲಿತಮಹಲಿನ ಗುಮ್ಮಟಕ್ಕಂತೂ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚೇ ಮಾದರಿ. ನಾಲ್ವಡಿಯವರಿಗೆ ಪಾಪ, ಸಂಸ್ಕೃತಿ ಸೋರಿಹೋಗುತ್ತೆ ಅನ್ನೋ ಭಯವೇ ಇರಲಿಲ್ಲ. ಜೊತೆಯಲ್ಲಿ ಓದಿದ ಮಿರ್ಜಾ ಇಸ್ಮಾಯಿಲರನ್ನು 1926ರಲ್ಲಿ ದಿವಾನರನ್ನಾಗಿಯೂ ಮಾಡಿಕೊಂಡರು.

ಆಗಲೂ ತಿಕ್ಕಾಟ ಇತ್ತು, ಇಲ್ಲ ಅಂತಲ್ಲ. ಆದರೆ ಅದರ ಜೊತೆಗೆ ಏನನ್ನಾದರೂ ಕಟ್ಟುತ್ತಿದ್ದರು. ನಾವು ಕೀಳ್ತೀವಿ, ಇಲ್ಲಾಂದ್ರೆ ಹೆಸರು ಬದಲಾಯಿಸ್ತೀವಿ. ಬಸ್ ಸ್ಟಾಪಿಗೆ ಒಂದು ತಿಂಗಳ ಮುಂಚೆಯಷ್ಟೇ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಗಿತ್ತು. ಮಂಡ್ಯದಲ್ಲಿ ಹತ್ತೋ ಪಾಸಿನವರು ಮೊದಲು ಟಿಪ್ಪು ಹೆಸರಲ್ಲಿ ನಿಂತು ಹೋಗ್ತಿದ್ದರು, ಈಗ ಒಡೆಯರ ಹೆಸರಲ್ಲಿ ನಿಂತು ಹೋಗ್ತಾರೆ. ಎಷ್ಟು ಗೌರವ!

ಇನ್ನು 2025ರ ದಸರಾ. 2017ರಲ್ಲಿ ನಿಸಾರ್ ಅಹಮದರು ಉದ್ಘಾಟಿಸಿದಾಗ ಚಾಮುಂಡಿ ಬೆಟ್ಟ ಎಲ್ಲಿಗೂ ಜರುಗಲಿಲ್ಲ. ಆದರೂ ಈ ಸಲ ಉದ್ಘಾಟನೆಗೆ ಬಾನು ಮುಷ್ತಾಕ್ ಬೇಡ ಅಂತ ಹೈಕೋರ್ಟಿಗೆ ಹೋದರು. ಅಲ್ಲಿ ಆಗಲಿಲ್ಲ ಅಂತ ಸುಪ್ರೀಂ ಕೋರ್ಟಿಗೂ ಹೋದರು. ಹಾಸನದಲ್ಲಿ ಕೂತು ಕನ್ನಡದಲ್ಲಿ ಕಥೆ ಬರೆದು ಇಂಟರ್‌ನ್ಯಾಷನಲ್ ಬೂಕರ್ ತಂದ ಹೆಣ್ಣುಮಗಳು ತಾಯಿಗೆ ಹೂವು ಹಾಕಬಹುದಾ ಅಂತ ದಿಲ್ಲಿಯ ಜಡ್ಜುಗಳನ್ನು ಕೇಳಿದೆವಲ್ಲ, ನಾಚಿಕೆ ಆಗಬೇಕು. ಸಾಕಾಗಿದೆ ರೀ.

ಅರ್ಜಿ ಅಲ್ಲೂ ವಜಾ ಆಯಿತು. ಮುಂದಿನ ಸಲ ಉದ್ಘಾಟಕರನ್ನು ಹುಡುಕೋ ಮುಂಚೆ ದಸರಾ ಸಮಿತಿಯವರು ಒಬ್ಬ ಒಳ್ಳೆ ವಕೀಲರನ್ನು ಗೊತ್ತು ಮಾಡಿಕೊಳ್ಳಲಿ.